ಸೊಪ್ಪು, ಹೂವು, ತಕ್ಕಡಿ

ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಬೇಕೋ ಬೇಡವೋ ಎಂಬ ಜಗಳ ಟಿ.ವಿ. ಸ್ಟುಡಿಯೊಗಳಲ್ಲಿ ಜೋರಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಓಣಿಗಳಲ್ಲಿ ಆ ಪ್ರಶ್ನೆಗೆ ದಿನವೂ ಉತ್ತರ ಸಿಗುತ್ತಲೇ ಇದೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ.

ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದವರು ಅಲ್ಲಿನ ಶಾಸನ ನೋಡದೆ ಬರುವುದಿಲ್ಲ. ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಆ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಹಿಂದೆಯೇ ಈ ಊರಿನ ಹೆಸರಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಒಂದು ಕೆರೆ, ಒಂದು ಶಿವನ ಗುಡಿ, ಹಳೇ ಊರು. ಸುತ್ತ ಈಗ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರ ಅಪಾರ್ಟ್‌ಮೆಂಟುಗಳು, ಪಿ.ಜಿ.ಗಳು.

2022ರ ಜೂನ್‌ನಲ್ಲಿ ಬೇಗೂರು ಪೊಲೀಸರು ಒಬ್ಬನನ್ನು ಹಿಡಿದರು. ಅವನ ಬಳಿ ಸಿಕ್ಕಿದ್ದು 29 ಕೆ.ಜಿ. ಭಾಂಗ್ ಮತ್ತು 400 ಗ್ರಾಂ ಗಾಂಜಾ. ಆಗಸ್ಟ್‌ನಲ್ಲಿ ಜಾಮೀನು ಅರ್ಜಿ ಹೈಕೋರ್ಟ್‌ಗೆ ಬಂತು. ಭಾಂಗ್ ಎನ್ನುವುದು ಉತ್ತರ ಭಾರತದಲ್ಲಿ ಜನ ಕುಡಿಯುವ ಸಾಂಪ್ರದಾಯಿಕ ಪಾನೀಯ, ಶಿವನ ಗುಡಿಗಳ ಹತ್ತಿರ, ಲಸ್ಸಿ ಅಂಗಡಿಗಳಲ್ಲಿ ಸಿಗುತ್ತದೆ, ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದಕ್ಕೆ ನಿಷೇಧವಿಲ್ಲ ಎಂದು ನ್ಯಾಯಮೂರ್ತಿ ಕೆ. ನಟರಾಜನ್ ಹೇಳಿದರು. ಆ ಭಾಂಗನ್ನು ಗಾಂಜಾದಿಂದಲೋ ಚರಸ್‌ನಿಂದಲೋ ಮಾಡಿದ್ದಾರೆ ಎನ್ನಲು ಪೊಲೀಸರ ಬಳಿ ಆಧಾರವಿರಲಿಲ್ಲ. 400 ಗ್ರಾಂ ಗಾಂಜಾ ಕಾಯ್ದೆಯ ಲೆಕ್ಕದಲ್ಲಿ ‘ಅಲ್ಪ ಪ್ರಮಾಣ’. ಜಾಮೀನು ಸಿಕ್ಕಿತು.

ಭಾಂಗ್ ಆಗುವುದೂ ಗಾಂಜಾ ಆಗುವುದೂ ಒಂದೇ ಗಿಡ. ನಮ್ಮ ಹಿರಿಯರು ಬಂಗಿ ಸೊಪ್ಪು ಎನ್ನುತ್ತಿದ್ದುದೂ ಅದನ್ನೇ. 1985ರ ಎನ್‌ಡಿಪಿಎಸ್ ಕಾಯ್ದೆ ಆ ಗಿಡವನ್ನು ಮಧ್ಯಕ್ಕೆ ಸೀಳಿತು. ತುದಿಯ ಹೂವು, ಕಾಯಿ ಬಿಟ್ಟ ಕೊನೆ ‘ಗಾಂಜಾ’, ಅದು ಅಪರಾಧ. ಹೂವಿನ ಜತೆ ಇಲ್ಲದ ಬರೀ ಎಲೆ ಮತ್ತು ಬೀಜ ಅಪರಾಧದ ಆಚೆ. ಹಾಗಾಗಿ ಒಂದೇ ಗಿಡದ ಕೆಳಗಿನ ಸೊಪ್ಪು ಲಸ್ಸಿಗೆ, ಮೇಲಿನ ಹೂವು ಜೈಲಿಗೆ. ಕಾನೂನುಬದ್ಧ ಮಾಡಿ ಎನ್ನುವವರೂ ಬೇಡ ಎನ್ನುವವರೂ ಈ ಸೀಳಿನಿಂದಲೇ ಮಾತು ಶುರು ಮಾಡಬೇಕು.

ಕಾಗದ ಸಿಗುತ್ತದೆ

ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳ ಹಿಂದಿನ ರಸ್ತೆಗಳಲ್ಲಿ ಬೀಡಾ ಅಂಗಡಿಗಳು ಒತ್ತೊತ್ತಾಗಿವೆ. ಮುಂದೆ ಬಾಳೆಗೊನೆ, ಮೇಲೆ ತೂಗುವ ಶಾಂಪೂ ಸರ, ಚಿಪ್ಸ್ ಪೊಟ್ಟಣ, ಪಕ್ಕದಲ್ಲಿ ಟೀ ಫ್ಲಾಸ್ಕು. ಸಿಗರೇಟು ಪ್ಯಾಕುಗಳ ಹಿಂದೆ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ, ಉದ್ದನೆಯ ಒಂದು ಪುಟ್ಟ ಪುಸ್ತಕ. ಒಳಗಿರುವುದು ಈರುಳ್ಳಿ ಸಿಪ್ಪೆಯಂಥ ಕಾಗದ. ‘ಗೋಗೋ’ ಎಂದು ಕೇಳಿದರೆ ಅಂಗಡಿಯವರು ಮುಖ ನೋಡದೆ ಕೊಡುತ್ತಾರೆ. ಬಿಡಿ ತಂಬಾಕು ಸುತ್ತಿ ಸೇದುವ ಅಭ್ಯಾಸ ಬೆಂಗಳೂರಿನಲ್ಲಿ ಅಷ್ಟಾಗಿ ಇಲ್ಲ. ಸೇದುವವರಿಗೆ ಸಿಗರೇಟಿದೆ, ಬೀಡಿಯಿದೆ. ಆದರೂ ಕಾಗದ ಖರ್ಚಾಗುತ್ತಲೇ ಇದೆ. ಕಾಗದ ಮಾರುವುದು ತಪ್ಪಲ್ಲ, ಅದರೊಳಗೆ ಏನು ಸುತ್ತುತ್ತಾರೆ ಎಂದು ಕೇಳುವುದು ಅಂಗಡಿಯವರ ಕೆಲಸವೂ ಅಲ್ಲ.

ಗಾಂಜಾಕ್ಕೆ ಈ ಭಾಗದ ಹುಡುಗರ ಬಾಯಲ್ಲಿ ಹೆಸರು ಹಲವು. ಇಂಗ್ಲಿಷ್ ಆಫೀಸಿನವರಿಗೆ ಅದು ‘ವೀಡ್’, ‘ಸ್ಟಫ್’. ಕನ್ನಡದ ಹುಡುಗರಿಗೆ ‘ಮಾಲು’ ಅಥವಾ ಬರೀ ‘ಸೊಪ್ಪು’. ‘ಸೊಪ್ಪು ಹೊಡೀತಾನೆ’ ಎಂದರೆ ಬೆಂಗಳೂರಿನಲ್ಲಿ ಯಾರೂ ಪಾಲಕ್ ಎಂದುಕೊಳ್ಳುವುದಿಲ್ಲ. ಕಾಯ್ದೆ ಸೊಪ್ಪನ್ನು ಹೊರಗಿಟ್ಟು ಹೂವನ್ನು ಹಿಡಿಯಿತು. ಜನ ಹೂವಿಗೇ ಸೊಪ್ಪು ಎಂದು ಹೆಸರಿಟ್ಟರು.

ಇಲ್ಲಿ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ 24 ವರ್ಷ, ಇಬ್ಬರ ಜೇಬಿನಲ್ಲೂ 20 ಗ್ರಾಂ. ಮೊದಲನೆಯವನು ವೈಟ್‌ಫೀಲ್ಡಿನ ಗೇಟೆಡ್ ಅಪಾರ್ಟ್‌ಮೆಂಟಿನ 14ನೇ ಮಹಡಿಯಲ್ಲಿದ್ದಾನೆ. ಮೊಬೈಲಿನಲ್ಲಿ ಗುಪ್ತ ಗುಂಪೊಂದಕ್ಕೆ ಸಂದೇಶ ಕಳಿಸಿದರೆ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಸೆಕ್ಯುರಿಟಿ, ಲಿಫ್ಟು, ಬಾಲ್ಕನಿ ದಾಟಿ ಹೊಗೆಯ ವಾಸನೆ ಬೀಟ್ ಪೊಲೀಸರ ಮೂಗಿಗೆ ಮುಟ್ಟುವುದಿಲ್ಲ. ಎರಡನೆಯವನು ಪೀಣ್ಯದ ಪವರ್ ಪ್ರೆಸ್ ಶೆಡ್ಡಿನಲ್ಲಿ ಕೆಲಸಕ್ಕಿರುವವನು. ಏಳು ಜನರ ಜತೆ ಒಂದು ಕೋಣೆ, ಸೇದಬೇಕೆಂದರೆ ಮೋರಿ ಕಟ್ಟೆಗೋ ಖಾಲಿ ಸೈಟಿಗೋ ಬರಬೇಕು. ರಾತ್ರಿ ಗಸ್ತಿಗೆ ಸಿಗುವವನು ಇವನೇ. ಕಾಯ್ದೆಯಲ್ಲಿ ಇಬ್ಬರಿಗೂ ಒಂದೇ ಸೆಕ್ಷನ್, ಬೀದಿಯಲ್ಲಿ ಮಾತ್ರ ಇಬ್ಬರಿಗೂ ಎರಡು ಕಾನೂನು. ಈ ಇಬ್ಬರನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಗ್ರಾಂ ಲೆಕ್ಕದ ಶಿಕ್ಷೆ

ಎನ್‌ಡಿಪಿಎಸ್ ಕಾಯ್ದೆ ತಕ್ಕಡಿಯ ಕಾಯ್ದೆ. ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಅಲ್ಪ ಪ್ರಮಾಣ: ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10, ಗರಿಷ್ಠ 20 ವರ್ಷ, ಜತೆಗೆ 1ರಿಂದ 2 ಲಕ್ಷ ರೂಪಾಯಿ ದಂಡ. ಅಲ್ಲಿ 37ನೇ ಸೆಕ್ಷನ್ ಅಡ್ಡ ಬರುವುದರಿಂದ ಜಾಮೀನು ಸಿಗುವುದೇ ಕಷ್ಟ. ನಡುವಿನದಕ್ಕೆ 10 ವರ್ಷದವರೆಗೆ. ಚರಸ್ ಆದರೆ ಅಲ್ಪ ಪ್ರಮಾಣ 100 ಗ್ರಾಂ, ವಾಣಿಜ್ಯ ಪ್ರಮಾಣ 1 ಕೆ.ಜಿ. ಸೇದಿದ್ದು ಮಾತ್ರ ಸಾಬೀತಾದರೆ 27ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ದಂಡ.

ಗಿಡ ಬೆಳೆದರೆ ಮಾತ್ರ ತಕ್ಕಡಿಯೇ ಇಲ್ಲ. ಮನೆಯ ಹಿತ್ತಲಲ್ಲಿ ಒಂದೇ ಗಿಡ ಇದ್ದರೂ 10 ವರ್ಷದವರೆಗೆ ಶಿಕ್ಷೆ ಆಗಬಹುದು. ಹನೂರು, ಕೊಳ್ಳೇಗಾಲದ ಕಡೆ ಅರಿಶಿನದ ಹೊಲದ ನಡುವೆ, ಜೋಳದ ಸಾಲಿನ ಮರೆಯಲ್ಲಿ ನಾಲ್ಕು ಗಿಡ ಹಾಕಿದ ರೈತ ಸಿಕ್ಕಿಬಿದ್ದಾಗ ಅವನು ಎದುರಿಸುವುದು ಇದನ್ನೇ. ಅಲ್ಪ ಪ್ರಮಾಣ ಇಟ್ಟುಕೊಂಡವನಿಗೆ ಒಂದು ವರ್ಷ, ಗಿಡಕ್ಕೆ ನೀರು ಹಾಕಿದವನಿಗೆ ಹತ್ತು.

ತೂಕದ ಜಗಳ ಕೋರ್ಟಿನಲ್ಲಿ ಮುಂದುವರಿಯುತ್ತದೆ. ಹಸಿ ಗಿಡ ಕಿತ್ತು ಬೇರು, ಕಾಂಡ, ಎಲೆ ಸಮೇತ ತೂಗಿದರೆ 25 ಕೆ.ಜಿ. ಬರಬಹುದು, ಬರೀ ಹೂವು ಬಿಡಿಸಿ ತೂಗಿದರೆ ಐದೂ ಇರಲಾರದು. 20ರ ಗೆರೆಯ ಆಚೆ ನಿಲ್ಲುತ್ತಾನೋ ಈಚೆಯೋ ಎನ್ನುವುದು ಮಹಜರಿನಲ್ಲಿ ಏನನ್ನು ತಕ್ಕಡಿಗೆ ಹಾಕಿದರು ಎಂಬುದರ ಮೇಲೆ ನಿಂತಿದೆ. ಜಾಮೀನು ಅರ್ಜಿಗಳಲ್ಲಿ ವಕೀಲರು ಮೊದಲು ಎತ್ತುವ ಮಾತೂ ಇದೇ. ಮಾದರಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವತನಕ ಆರೋಪಿ ಕಾಯಬೇಕು.

ಕುರಿ ದೊಡ್ಡಿಯ ಕೆಳಗೆ

2020ರ ಸೆಪ್ಟೆಂಬರ್. ಚಂದನವನದ ಡ್ರಗ್ಸ್ ಪ್ರಕರಣದಲ್ಲಿ ನಟಿಯರ ಬಂಧನದ ಸುದ್ದಿ ಟಿ.ವಿ.ಗಳಲ್ಲಿ ಹಗಲಿರುಳು ಓಡುತ್ತಿತ್ತು. ಅದೇ ಹೊತ್ತಿಗೆ ಶೇಷಾದ್ರಿಪುರಂ ಪೊಲೀಸರು ಒಬ್ಬ ಆಟೊ ಚಾಲಕನನ್ನು ಹಿಡಿದರು. ಅವನಲ್ಲಿದ್ದದ್ದು ಎರಡು ಕೆ.ಜಿ. ಚಿಲ್ಲರೆ. ಅವನ ಹಿಂದಿನವನು ಯಾರು, ಆ ಹಿಂದಿನವನಿಗೆ ಕೊಟ್ಟವನು ಯಾರು ಎಂದು ಹಗ್ಗ ಹಿಡಿದು ಹೋದರೆ ಅದು ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನ ತಾಂಡಾವೊಂದರ ಕುರಿ ದೊಡ್ಡಿಗೆ ಹೋಗಿ ನಿಂತಿತು. ದೊಡ್ಡಿಯ ನೆಲದಡಿ ಗುಂಡಿ, ಗುಂಡಿಯ ತುಂಬ ಕಟ್ಟುಗಳು. ಒಟ್ಟು ಸಿಕ್ಕಿದ್ದು 1,350 ಕೆ.ಜಿ.ಗೂ ಹೆಚ್ಚು. ಒಡಿಶಾದಿಂದ ತರಕಾರಿ ಲಾರಿಯಲ್ಲಿ ಬಂದು ಅಲ್ಲಿ ದಾಸ್ತಾನಾಗಿ, ಬೆಂಗಳೂರಿಗೆ ಕಂತುಕಂತಾಗಿ ಇಳಿಯುತ್ತಿತ್ತು.

ಬೆಂಗಳೂರಿನ ಹೊರವಲಯಕ್ಕೆ ಬರುವ ಮಾಲಿನ ದೊಡ್ಡ ಪಾಲು ಹುಟ್ಟುವುದು ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಲ್ಲಿ, ಪಾಡೇರು, ಮಲ್ಕಾನ್‌ಗಿರಿ ಕಡೆಯ ಆದಿವಾಸಿ ಹೊಲಗಳಲ್ಲಿ. ಅಲ್ಲಿಯ ‘ಶೀಲಾವತಿ’ ತಳಿಯ ಹೆಸರು ಇಲ್ಲಿನ ಗಿರಾಕಿಗಳಿಗೂ ಗೊತ್ತು. 2021ರಲ್ಲಿ ಆಂಧ್ರ ಪೊಲೀಸರು ‘ಆಪರೇಷನ್ ಪರಿವರ್ತನ’ ಹೆಸರಿನಲ್ಲಿ ಸಾವಿರಾರು ಎಕರೆ ಬೆಳೆ ಕಡಿದರು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಬಳಿ ಎರಡು ಲಕ್ಷ ಕೆ.ಜಿ. ಗಾಂಜಾ ಸುಟ್ಟರು. ನಮ್ಮಲ್ಲೂ ಸುಡುತ್ತಾರೆ. ಜೂನ್ 26, ಮಾದಕ ವಸ್ತು ವಿರೋಧಿ ದಿನ. 2021ರ ಆ ದಿನ ರಾಜ್ಯ ಪೊಲೀಸರು ನಾಶ ಮಾಡಿದ್ದು ಸುಮಾರು 24 ಟನ್, ಅವರೇ ಕಟ್ಟಿದ ಬೆಲೆ 50 ಕೋಟಿ ರೂಪಾಯಿ. ಅದರಲ್ಲಿ ಹೆಚ್ಚಿನದು ಗಾಂಜಾವೇ. ಬೆಂಗಳೂರಿನ ಮಾಲು ಬೂದಿಯಾಗುವುದು ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಹೋದರೆ ಸಿಗುವ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದ ತ್ಯಾಜ್ಯ ಘಟಕದಲ್ಲಿ.

ಸುಡುವುದು ನಿಂತಿಲ್ಲ, ಬರುವುದೂ ನಿಂತಿಲ್ಲ. ಈಚಿನ ವರ್ಷಗಳಲ್ಲಿ ಹೊಸ ದಾರಿಯೂ ತೆರೆದಿದೆ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ‘ಹೈಡ್ರೋ ಗಾಂಜಾ’ ಗಾಳಿಯಾಡದ ಪೊಟ್ಟಣಗಳಲ್ಲಿ ಬ್ಯಾಂಕಾಕ್‌ನಿಂದ ವಿಮಾನ ಹತ್ತಿ ಬರುತ್ತಿದೆ. ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಸೂಟ್‌ಕೇಸ್ ಬಿಚ್ಚಿದ ಸುದ್ದಿ ಈಗ ಮಾಮೂಲು. ಪೀಣ್ಯದ ಹುಡುಗನದು ಲಾರಿಯಲ್ಲಿ ಬರುವ ಶೀಲಾವತಿ, 14ನೇ ಮಹಡಿಯವನದು ವಿಮಾನದಲ್ಲಿ ಬರುವ ಹೈಡ್ರೋ.

ಅಬಕಾರಿಯ ಎರಡು ಕೈ

ಗಾಂಜಾ ಪಶ್ಚಿಮದಿಂದ ಬಂದ ಪಿಡುಗು ಎನ್ನುವವರು ಒಮ್ಮೆ ಯಾದಗಿರಿ ಜಿಲ್ಲೆಯ ಕಡೆ ನೋಡಬೇಕು. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣಾ ದಂಡೆಯ ಮೇಲೆ, ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಗುಡಿಯಿದೆ. ಜಾತ್ರೆಯ ಸಮಯದಲ್ಲಿ ಅಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ, ಆ ಭಾಗದ ಅವಧೂತ, ಆರೂಢ, ಶರಣ ಪರಂಪರೆಯ ಕೆಲವರು ಧ್ಯಾನಕ್ಕೆಂದು ಅದನ್ನು ಸೇವಿಸುತ್ತಾರೆ ಎಂದು 2020ರಲ್ಲಿ, ಸಿನಿಮಾದವರ ಪ್ರಕರಣ ಕಾವೇರಿದ್ದಾಗಲೇ, ಪತ್ರಿಕೆಗಳು ಬರೆದವು. ಒಂದೇ ತಿಂಗಳು, ಒಂದೇ ರಾಜ್ಯ. ಬೆಂಗಳೂರಿನಲ್ಲಿ ಅದು ಮೋಜಿನ ಅಮಲು, ತಿಂಥಣಿಯಲ್ಲಿ ಮೌನದ ದಾರಿ.

ಪರಂಪರೆ ಇದೆ ಎಂದ ಮಾತ್ರಕ್ಕೆ ಅಂಗಡಿ ತೆರೆಯಿರಿ ಎಂದು ಅರ್ಥವಲ್ಲ. ಜಾತ್ರೆಯ ಚಿಟಿಕೆಗೆ ಒಂದು ದಿನ, ಒಂದು ಸಂದರ್ಭ, ಸುತ್ತ ಹಿರಿಯರ ಕಣ್ಣು ಇರುತ್ತದೆ. ಪಿ.ಜಿ. ಕೋಣೆಯ ಹುಡುಗನಿಗೆ ಅವು ಮೂರೂ ಇಲ್ಲ.

ಸರ್ಕಾರಕ್ಕೂ ಈ ಗಿಡಕ್ಕೂ ಹಳೆಯ ಸಂಬಂಧವಿದೆ. ಬ್ರಿಟಿಷರ ಕಾಲದಲ್ಲಿ ಗಾಂಜಾ ಅಬಕಾರಿ ಬಾಬ್ತಿನ ಸರಕು. ಲೈಸೆನ್ಸು, ಹರಾಜು, ತೆರಿಗೆ ಎಲ್ಲ ಇತ್ತು. ಇದು ಜನರನ್ನು ಹುಚ್ಚರನ್ನಾಗಿಸುತ್ತಿದೆ ಎಂಬ ದೂರು ಲಂಡನ್ ಪಾರ್ಲಿಮೆಂಟಿನಲ್ಲಿ ಎದ್ದಾಗ 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಎಂದು ಅದರ ಹೆಸರು, ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷರು. 1,193 ಸಾಕ್ಷಿಗಳನ್ನು ವಿಚಾರಿಸಿದ ಆಯೋಗ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ಬಿಡಿಸಿ ನೋಡಿತು. ರೋಗಕ್ಕೆ ಬೇರೆ ಕಾರಣ ಗೊತ್ತಾಗದಿದ್ದಾಗ ‘ಗಾಂಜಾ’ ಎಂದು ಬರೆದು ಕೈತೊಳೆದುಕೊಂಡ ದಾಖಲೆಗಳು ಅಲ್ಲಿ ಸಿಕ್ಕವು. ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನ ಹಿಡಿತ ಇರಲಿ ಎಂಬುದು ಅದರ ತೀರ್ಮಾನ.

1961ರ ವಿಶ್ವಸಂಸ್ಥೆ ಒಪ್ಪಂದಕ್ಕೆ ಸಹಿ ಹಾಕುವಾಗ ಭಾರತ ಪಟ್ಟು ಹಿಡಿದು ಎಲೆಯನ್ನು ಹೊರಗಿಡಿಸಿತು. ಉಳಿದದ್ದನ್ನು ನಿಲ್ಲಿಸಲು 25 ವರ್ಷದ ಗಡುವು ಪಡೆಯಿತು. ಆ ಗಡುವು ಮುಗಿಯುವ ಮುನ್ನ ಬಂದದ್ದೇ 1985ರ ಕಾಯ್ದೆ. ಬೇಗೂರಿನ ಲಸ್ಸಿಯವರೆಗೂ ಬಂದ ಎಲೆ–ಹೂವಿನ ಸೀಳು ಆ ಸಂಧಾನದ ಮೇಜಿನಿಂದ ಇಳಿದು ಬಂದದ್ದು.

ಇವತ್ತು ಹೊಲಕ್ಕೆ ನುಗ್ಗಿ ಗಾಂಜಾ ಗಿಡ ಕೀಳುವವರಲ್ಲಿ ಪೊಲೀಸರ ಜತೆ ಅಬಕಾರಿ ಇಲಾಖೆಯೂ ಇದೆ. ಅದೇ ಇಲಾಖೆಗೆ 2025-26ರ ಬಜೆಟ್ಟಿನಲ್ಲಿ ಮದ್ಯದಿಂದ 40,000 ಕೋಟಿ ರೂಪಾಯಿ ತರುವ ಗುರಿ ಕೊಟ್ಟಿದ್ದರು. ಒಂದು ಕೈ ಬಾಟಲಿಗೆ ಮುದ್ರೆ ಒತ್ತುತ್ತದೆ, ಇನ್ನೊಂದು ಕೈ ಗಿಡ ಕೀಳುತ್ತದೆ. ಕಾನೂನುಬದ್ಧ ಮಾಡಿ ಎನ್ನುವವರು ಮೊದಲು ಬೆರಳಿಡುವುದು ಇಲ್ಲೇ.

ಬೇಕು ಎನ್ನುವವರು

ಈ ವಾದಕ್ಕೆ ದೇಶದಲ್ಲಿ ಒಂದು ನೆಲೆ ಇದ್ದರೆ ಅದು ಬೆಂಗಳೂರು. ವಿಕಿ ವೌರೋರ ಕಟ್ಟಿದ ಗ್ರೇಟ್ ಲೀಗಲೈಸೇಶನ್ ಮೂವ್‌ಮೆಂಟ್ 2015ರಲ್ಲಿ ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ವೈದ್ಯಕೀಯ ಬಳಕೆಯ ಬಗ್ಗೆ ಸಮಾವೇಶ ನಡೆಸಿತು. 2019ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಕಾಯ್ದೆಯನ್ನೇ ಪ್ರಶ್ನಿಸಿತು. 2020ರ ಫೆಬ್ರುವರಿಯಲ್ಲಿ ಕೋರಮಂಗಲದಲ್ಲಿ ‘ವಿಜಯಾ’ ಎಂಬ ಆಯುರ್ವೇದದ ಹೆಸರಿನಲ್ಲಿ ಎಲೆಯ ಔಷಧ ಬರೆದುಕೊಡುವ ಕ್ಲಿನಿಕ್ ಒಂದು ಶುರುವಾಯಿತು. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಗಿಡದ ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವೆಂದು ಒಪ್ಪಿತು. ನಾರು, ಬಟ್ಟೆಗೆಂದು ಅಮಲು ಕಡಿಮೆಯ ತಳಿ ಬೆಳೆಯಲು ಉತ್ತರಾಖಂಡ 2018ರಲ್ಲೇ ಅನುಮತಿ ಕೊಟ್ಟಿತ್ತು.

ರಾಜಕೀಯದಲ್ಲೂ ಒಂದೊಂದು ದನಿ ಎದ್ದಿದೆ. ಪಟಿಯಾಲಾದ ಸಂಸದರಾಗಿದ್ದ ಡಾ. ಧರ್ಮವೀರ್ ಗಾಂಧಿ 2016ರಲ್ಲಿ ಖಾಸಗಿ ಮಸೂದೆಗೆ ಮುಂದಾದರು. ಒಡಿಶಾದ ತಥಾಗತ ಸತ್ಪತಿ, ಕೇರಳದ ಶಶಿ ತರೂರ್ ಬಹಿರಂಗವಾಗಿ ವಾದಿಸಿದರು. 2020ರ ಡಿಸೆಂಬರ್ 2ರಂದು ಗಾಂಜಾವನ್ನು 1961ರ ಒಪ್ಪಂದದ ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯ ಆಯೋಗ 27–25 ಮತಗಳಿಂದ ತೀರ್ಮಾನಿಸಿದಾಗ ಭಾರತ ‘ತೆಗೆಯಿರಿ’ ಎಂದು ಕೈ ಎತ್ತಿತು. ಇಲ್ಲಿ ಸಿನಿಮಾದವರ ಪ್ರಕರಣದ ಕಾವು ಆಗ ಇನ್ನೂ ಆರಿರಲಿಲ್ಲ.

ಕಾನೂನುಬದ್ಧ ಮಾಡಿ ಎನ್ನುವವರ ಮುಖ್ಯ ವಾದ ಸರಳ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ವರ್ಷದೊಳಗೆ ಈ ಗಿಡದ ಯಾವುದಾದರೂ ರೂಪ ಬಳಸಿದವರು 3.1 ಕೋಟಿ. ಅವರಲ್ಲಿ ಭಾಂಗ್ ಬಳಸಿದವರು 2.2 ಕೋಟಿ, ಗಾಂಜಾ–ಚರಸ್ ಬಳಸಿದವರು 1.3 ಕೋಟಿ. ಅದೇ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು 16 ಕೋಟಿ. 1.3 ಕೋಟಿ ಜನರನ್ನು ಅಪರಾಧಿಗಳನ್ನಾಗಿಸಿ ಏನು ಸಾಧಿಸಿದಿರಿ ಎನ್ನುವುದು ಅವರ ಪ್ರಶ್ನೆ.

ಬೇಡ ಎನ್ನುವವರು

ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ಎದುರು ಪಕ್ಷ ಓದುತ್ತದೆ. ಈ ಗಿಡದ ಬಳಕೆಯಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾಗಿರುವವರು 72 ಲಕ್ಷ. ಇದು ಸಣ್ಣ ಸಂಖ್ಯೆಯಲ್ಲ. ಹದಿಹರೆಯದಲ್ಲೇ ಶುರು ಮಾಡಿದವರಿಗೆ ಚಟ ಹಿಡಿಯುವ ಸಾಧ್ಯತೆ ಹೆಚ್ಚು, ಮನೋರೋಗದ ಒಲವು ಒಳಗೇ ಇರುವವರಲ್ಲಿ ಅದು ಬೇಗ ಮೇಲೇಳುತ್ತದೆ ಎಂಬುದನ್ನು ಮನೋವೈದ್ಯರು ಮತ್ತೆ ಮತ್ತೆ ಹೇಳುತ್ತಾರೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ಮುಂದಿನ ಬೆಂಚಿನಲ್ಲಿ ಟೋಕನ್ ಹಿಡಿದು ಕೂತ ತಾಯಂದಿರಿಗೆ 1893ರ ಆಯೋಗದ ಮಾತು ಹೇಳಿ ಸಮಾಧಾನ ಮಾಡಲಾಗದು. ಆಯೋಗ ನೋಡಿದ್ದು ಹಳ್ಳಿಯ ಚಿಲುಮೆಯನ್ನು, ಇವತ್ತಿನ ಹೈಡ್ರೋದ ಅಮಲಿನಂಶ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಪೀಣ್ಯದವರ ಭಯ ಇನ್ನೊಂದು. ಪವರ್ ಪ್ರೆಸ್ಸಿನ ಮುಂದೆ ಕೂತವನಿಗೆ ಗಮನವೇ ಜೀವ. ತಗಡು ಒಳಗಿಡು, ಕೈ ತೆಗೆ, ಪೆಡಲ್ ಒತ್ತು. ಕೈ ತೆಗೆಯುವುದು ಅರೆಗಳಿಗೆ ತಡವಾದರೆ ಬೆರಳು ಹೋಯಿತು. ಕುಡಿದು ಬಂದವನನ್ನು ಬಾಯಿ ಊದಿಸಿ ಹಿಡಿಯಬಹುದು. ಗಾಂಜಾದ ಕುರುಹು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಿಂದಿನ ಭಾನುವಾರ ಸೇದಿದವನು ಯಾರು, ಶಿಫ್ಟಿಗೆ ಮುಂಚೆ ಸೇದಿ ಬಂದವನು ಯಾರು ಎಂದು ಆ ಪರೀಕ್ಷೆ ಹೇಳುವುದಿಲ್ಲ. ಮಾರಾಟ ಮುಕ್ತವಾದರೆ ಶೆಡ್ಡಿನ ಬಾಗಿಲಲ್ಲಿ ಯಾವ ಅಳತೆಗೋಲು ಹಿಡಿಯುವುದು ಎಂಬ ಪ್ರಶ್ನೆಗೆ ಮುಂದುವರಿದ ದೇಶಗಳಲ್ಲೂ ಪಕ್ಕಾ ಉತ್ತರವಿಲ್ಲ.

ಇನ್ನು ತೆರಿಗೆಯ ಆಸೆ. ಇದರ ಪಾಠವನ್ನು ಕರ್ನಾಟಕ ಸ್ವಂತ ಕಾಸಿನಲ್ಲೇ ಕಲಿತಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ಹೋದರು, 90 ಮಿ.ಲೀ. ಟೆಟ್ರಾ ಪ್ಯಾಕ್ ಬಂತು, ಬೊಕ್ಕಸ ಉಬ್ಬುತ್ತಾ ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ತುಮಕೂರು ರಸ್ತೆ, ನೆಲಮಂಗಲದ ದಾರಿ ಅವರ ಕಾಲಿಗೆ ಗೊತ್ತು. ಸರ್ಕಾರದ ಉತ್ತರ ಆ 40,000 ಕೋಟಿಯ ಗುರಿಯಲ್ಲಿದೆ. ಕುಡುಕ ಮನಸ್ಸು ಮಾಡಿದರೆ ಬಿಡಬಹುದು, ಬೊಕ್ಕಸ ಬಿಡುವುದಿಲ್ಲ. ಗಾಂಜಾ ಅಂಗಡಿಗೆ ಲೈಸೆನ್ಸು ಕೊಟ್ಟ ಮರುವರ್ಷ ಅದಕ್ಕೂ ಒಂದು ಗುರಿ ಹಾಕುತ್ತಾರೆ.

ಆನ್‌ಸೈಟ್ ಪಾಠ

ವೈಟ್‌ಫೀಲ್ಡಿನ ಚರ್ಚೆಯಲ್ಲಿ ‘ಅಲ್ಲಿ ಎಲ್ಲಾ ಲೀಗಲ್’ ಎಂಬ ಮಾತು ಆನ್‌ಸೈಟ್ ಎಂದು ವಿದೇಶದಲ್ಲಿ ಕೆಲಸ ಮುಗಿಸಿ ಬಂದವರ ಬಾಯಿಂದ ಬರುತ್ತದೆ. ಅರ್ಧ ನಿಜ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಂಗಡಿಯಲ್ಲೇ ಕೊಳ್ಳಬಹುದು. ಆದರೆ ಅಮೆರಿಕದ ಒಕ್ಕೂಟ ಕಾನೂನು ಅದನ್ನು ಒಪ್ಪಿಲ್ಲ, ಸೇದಿದ್ದೇನೆ ಎಂದು ವಲಸೆ ಅಧಿಕಾರಿಯ ಮುಂದೆ ಬಾಯಿಬಿಟ್ಟರೆ ವೀಸಾಕ್ಕೇ ಕುತ್ತು. ಕೆನಡಾ 2018ರ ಅಕ್ಟೋಬರ್ 17ರಂದು ದೇಶಕ್ಕೆ ದೇಶವನ್ನೇ ತೆರೆದಿಟ್ಟಿತು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಜೇಬಿನಲ್ಲಿ 25 ಗ್ರಾಂ, ಮನೆಯಲ್ಲಿ ಮೂರು ಗಿಡ ಎಂದಿತು, ಅಂಗಡಿ ಮಾತ್ರ ಇಡಲಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ಪಟ್ಟಿಯಿಂದ ತೆಗೆಯಿತು. ಹಿಡಿತದ ನಿಯಮ ಬರೆಯುವ ಮೊದಲೇ ಸಾವಿರಾರು ಅಂಗಡಿ ಎದ್ದವು. ಮೂರೇ ವರ್ಷಕ್ಕೆ, 2025ರಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಹಿಂದೆ ಸರಿಯಿತು. ಆ ಅವಸರದ ಎಂಜಲೇ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬಿಚ್ಚಿದ ಸೂಟ್‌ಕೇಸುಗಳಲ್ಲಿ ಸಿಗುತ್ತಿರುವುದು.

ಈ ಸಾಲಿನಲ್ಲಿ ನಮಗೆ ಹತ್ತಿರದ ಪಾಠ ಪೋರ್ಚುಗಲ್‌ನದು. 2001ರಿಂದ ಅಲ್ಲಿ ಅಲ್ಪ ಪ್ರಮಾಣ ಇಟ್ಟುಕೊಂಡವನು ಜೈಲಿಗೆ ಹೋಗುವುದಿಲ್ಲ. ಕಾನೂನು, ಆರೋಗ್ಯ, ಸಮಾಜ ಕಾರ್ಯ ಬಲ್ಲವರ ಸಣ್ಣ ಸಮಿತಿಯೊಂದರ ಮುಂದೆ ಬರುತ್ತಾನೆ. ಮಾರುವವನಿಗೆ ಜೈಲು ಹಾಗೇ ಇದೆ. ಅಲ್ಲಿ ಗಾಂಜಾ ಕಾನೂನುಬದ್ಧವಾಗಲಿಲ್ಲ, ಸೇದುವವನು ಅಪರಾಧಿಯಾಗುವುದು ನಿಂತಿತು, ಅಷ್ಟೇ.

ಕಾಯ್ದೆಯ ಒಳಗೇ ಇರುವ ಬಾಗಿಲು

ನಮ್ಮ ಕಾಯ್ದೆಯಲ್ಲೂ ಅಂಥದೊಂದು ಕಿರುಬಾಗಿಲಿದೆ. 64ಎ ಸೆಕ್ಷನ್: ವ್ಯಸನಿಯೊಬ್ಬ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿದ್ದರೆ, ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ವಿಚಾರಣೆಯಿಂದ ರಕ್ಷಣೆ. 39ನೇ ಸೆಕ್ಷನ್: ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕೆ. ಪೀಣ್ಯದ ಹುಡುಗನಿಗೆ ಹಿಡಿದ ರಾತ್ರಿ ಇದನ್ನು ಯಾರು ಓದಿ ಹೇಳುತ್ತಾರೆ? ಜತೆಗೆ ಈ ಬಾಗಿಲು ವ್ಯಸನಿಗೆ ಮಾತ್ರ. ಶನಿವಾರ ಸಂಜೆ ಒಮ್ಮೆ ಸೇದಿದ, ಚಟ ಹಿಡಿಯದ ಹುಡುಗ ‘ನಾನು ವ್ಯಸನಿ’ ಎಂದು ಒಪ್ಪಿಕೊಂಡರೆ ಮಾತ್ರ ಪಾರು. ಅಲ್ಪ ಪ್ರಮಾಣದವರನ್ನು ಅಪರಾಧದ ಪಟ್ಟಿಯಿಂದ ತೆಗೆದು ಚಿಕಿತ್ಸೆಗೆ ಕಳಿಸಿ ಎಂದು ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಶಿಫಾರಸು ಮಾಡಿತ್ತು. ಆ ವರ್ಷ ಸಂಸತ್ತಿಗೆ ಬಂದ ತಿದ್ದುಪಡಿ ಮಾತ್ರ ಕಾಯ್ದೆಯ ಕರಡಿನಲ್ಲಿದ್ದ ಒಂದು ತಪ್ಪನ್ನು ಸರಿಪಡಿಸಿ ಸುಮ್ಮನಾಯಿತು.

ನನ್ನ ಮಟ್ಟಿಗೆ ಪ್ರಶ್ನೆ ಅಂಗಡಿಯದಲ್ಲ. ಎಂ.ಜಿ. ರಸ್ತೆಯಲ್ಲಿ ಗಾಂಜಾ ಅಂಗಡಿ ತೆರೆಯಬೇಕೆಂಬ ಉತ್ಸಾಹ ನನಗಿಲ್ಲ. 40,000 ಕೋಟಿಯ ರುಚಿ ಹತ್ತಿದ ಸರ್ಕಾರದ ಕೈಗೆ ಇನ್ನೊಂದು ಅಮಲನ್ನು ಕೊಡಲು ಧೈರ್ಯವೂ ಇಲ್ಲ. ಆದರೆ ಅಂಗಡಿ ಬೇಡ ಎನ್ನುವುದಕ್ಕೆ ಜೈಲು ಬೇಕು ಎಂದು ಅರ್ಥವಲ್ಲ. ಇವೆರಡರ ನಡುವೆ ಬೇಕಾದಷ್ಟು ಜಾಗವಿದೆ, ನಮ್ಮ ಚರ್ಚೆ ಮಾತ್ರ ಎರಡು ತುದಿಗಳಲ್ಲೇ ಕೂತು ಕೂಗಾಡುತ್ತದೆ.

ಮತ್ತೆ ಆ ಇಬ್ಬರು ಹುಡುಗರು. ಅಪರೂಪಕ್ಕೆ ಇಬ್ಬರೂ ಒಂದೇ ರಾತ್ರಿ ಸಿಕ್ಕಿಬಿದ್ದರು ಎನ್ನಿ. 20 ಗ್ರಾಂ, ಇಬ್ಬರಿಗೂ ಜಾಮೀನು ಸಿಗುತ್ತದೆ. ವೈಟ್‌ಫೀಲ್ಡಿನವನ ಅಪ್ಪ ಬೆಳಿಗ್ಗೆಯೇ ವಕೀಲರ ಜತೆ ಬಂದು ನಿಲ್ಲುತ್ತಾರೆ, ಮಧ್ಯಾಹ್ನಕ್ಕೆ ಹುಡುಗ ಮನೆಯಲ್ಲಿ. ಪೀಣ್ಯದವನಿಗೂ ಒಬ್ಬ ಜಾಮೀನುದಾರ ಬೇಕು. ಜಾಮೀನುದಾರ ಎಂದರೆ ಪಹಣಿ ಇರುವವನು, ಇಲ್ಲವೇ ಕಂದಾಯ ಕಟ್ಟಿದ ರಸೀದಿ ಇರುವವನು. ರಾಯಚೂರಿನಿಂದಲೋ ಒಡಿಶಾದ ಗಂಜಾಂನಿಂದಲೋ ಬಂದು ಎಂಟು ಜನರ ಕೋಣೆಯಲ್ಲಿರುವ ಹುಡುಗನಿಗೆ ಈ ಊರಿನಲ್ಲಿ ಪಹಣಿ ಇರುವ ಯಾರು ಗೊತ್ತು? ಶೆಡ್ಡಿನ ಮಾಲೀಕ ಫೋನ್ ಎತ್ತುವುದಿಲ್ಲ. ಕೋಣೆಯ ಉಳಿದ ಏಳು ಜನರಲ್ಲಿ ಒಬ್ಬರ ಹೆಸರಿನಲ್ಲೂ ಬೆಂಗಳೂರಿನಲ್ಲಿ ಒಂದು ಗುಂಟೆ ಇಲ್ಲ. ತಕ್ಕಡಿಯಲ್ಲಿ ಇಬ್ಬರದೂ ಅದೇ 20 ಗ್ರಾಂ. ಒಬ್ಬನ ತಟ್ಟೆಗೆ ಪಹಣಿಯೂ ಬಿತ್ತು, ಅವನು ಎದ್ದು ಮನೆಗೆ ಹೋದ. ಇನ್ನೊಬ್ಬನ ಪ್ರೆಸ್ಸಿನ ಮುಂದೆ ಸೋಮವಾರ ಬೆಳಿಗ್ಗೆ ಬೇರೆ ಯಾರೋ ಕೂತಿರುತ್ತಾರೆ.